ದೊಡ್ಡ ಮನೆ ಮತ್ತು ದೇವನು ನಿಶ್ಚಯಿಸಿದ ಪಾಲು

ಪವಿತ್ರ ಕುರ್‌ಆನಿನ ‘ಅನ್ನಿಸಾ’ ಅಧ್ಯಾಯವು ಆರಂಭವಾಗುವುದೇ ರಕ್ತ ಸಂಬಂಧದ ಕುರಿತ ಎಚ್ಚರಿಕೆಯೊಂದಿಗೆ. ಎಲ್ಲರನ್ನೂ ಒಂದೇ ಜೀವದಿಂದ ಸೃಷ್ಟಿಸಿದ ಪ್ರಭುವನ್ನು ಭಯಪಡಬೇಕು, ಕುಟುಂಬ ಸಂಬಂಧಗಳ ವಿಷಯದಲ್ಲಿಯೂ ಜಾಗರೂಕರಾಗಿರಬೇಕು ಎಂದು ಅದರ ಮೊದಲ ಸೂಕ್ತವು ಆದೇಶಿಸುತ್ತದೆ. ಅಲ್ಲಿಂದ ಹತ್ತು ಹನ್ನೆರಡು ಸೂಕ್ತಗಳು ಕಳೆಯುವುದರೊಳಗೆ ಅದೇ ಅಧ್ಯಾಯವು ಮೃತನ ಸೊತ್ತಿನಲ್ಲಿ ಮಗನಿಗೆಷ್ಟು, ಮಗಳಿಗೆಷ್ಟು, ತಾಯಿಗೆಷ್ಟು, ಪತ್ನಿಗೆಷ್ಟು ಎಂಬುದನ್ನು ಅರ್ಧ, ಆರನೇ ಒಂದು, ಎಂಟನೇ ಒಂದು ಎಂದು ಲೆಕ್ಕ ಮಾಡಿ ಕೊಡುತ್ತದೆ. ಸಂಬಂಧಕ್ಕೆ ಅಳತೆಯಿಲ್ಲ. ಪಾಲಿಗಾದರೋ ಒಂದು ಕಾಸೂ ಅತ್ತಿತ್ತ ಆಗಬಾರದಂತಹ ಅಳತೆಯಿದೆ. ಇವೆರಡನ್ನೂ ಒಬ್ಬನೇ ಅಲ್ಲಾಹನು ಒಂದೇ ಅಧ್ಯಾಯದಲ್ಲಿ ಆದೇಶಿಸಿದ್ದಾನೆ.

ಆದರೆ ಈ ಎರಡು ಆದೇಶಗಳು ಒಂದು ಸಮಾಜದಲ್ಲಿ ಪರಸ್ಪರ ಎದುರು ನಿಂತಂತೆ ಕಂಡರೆ ಏನು ಮಾಡಬೇಕು? ಕುಟುಂಬವನ್ನು ಒಟ್ಟಾಗಿ ಹಿಡಿದಿಟ್ಟಿರುವ ಆಸ್ತಿಯನ್ನು ಪಾಲು ಮಾಡಿದರೆ ಕುಟುಂಬ ಒಡೆಯುತ್ತದೆ, ಪಾಲು ಮಾಡದಿದ್ದರೆ ದೇವನು ಕೊಟ್ಟ ಹಕ್ಕು ಯಾರಿಗೋ ತಪ್ಪುತ್ತದೆ ಎಂಬ ಸ್ಥಿತಿ ಬಂದರೆ? ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಪಶ್ಚಿಮ ಭಾಗದಲ್ಲಿ ಒಂದು ಮುಸ್ಲಿಮ್ ಜನಾಂಗವು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಇದೇ ಪ್ರಶ್ನೆಯೊಂದಿಗೆ ಬದುಕುತ್ತಿದೆ.

ಮಿನಂಗ್‌ಕಬಾವು ಎಂಬ ಈ ಜನರ ಸಂಖ್ಯೆ 2010ರ ಜನಗಣತಿಯಲ್ಲಿ 60 ಲಕ್ಷಕ್ಕೂ ಮಿಕ್ಕಿತ್ತು. ಮಾತೃಮೂಲ ಪದ್ಧತಿಯನ್ನು ಅನುಸರಿಸುವ ಸಮಾಜಗಳಲ್ಲಿ ಜಗತ್ತಿನಲ್ಲೇ ದೊಡ್ಡದೆಂದು ಇದನ್ನು ಗುರುತಿಸಲಾಗುತ್ತದೆ. ನಮಾಝ್, ಉಪವಾಸ, ಹಜ್ಜ್‌ಗಳಲ್ಲಿ ಇಂಡೋನೇಷ್ಯಾದ ಇತರ ಮುಸ್ಲಿಮರಿಗೆ ಮಾದರಿಯೆನಿಸಿದವರು ಇವರು. ಆದರೆ ಇಲ್ಲಿ ವಂಶದ ಹೆಸರು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಪೂರ್ವಜರ ಗದ್ದೆ, ಮನೆಗಳೂ ತಾಯಿಯಿಂದ ಹೆಣ್ಣುಮಕ್ಕಳ ಕೈಗೆ ಹೋಗುತ್ತವೆ.

ಅವರ ಸಾಂಪ್ರದಾಯಿಕ ಮನೆಯ ಹೆಸರು ‘ರೂಮಾ ಗದಂಗ್’, ಅಂದರೆ ದೊಡ್ಡ ಮನೆ. ಮಾಡಿನ ಎರಡೂ ತುದಿಗಳು ಕೋಣದ ಕೊಂಬಿನಂತೆ ಆಕಾಶಕ್ಕೆ ಬಾಗಿರುತ್ತವೆ. ಮುಂಭಾಗದಲ್ಲಿ ಉದ್ದಕ್ಕೂ ಚಾಚಿಕೊಂಡ ಒಂದು ತೆರೆದ ಚಾವಡಿ. ಹಿಂಭಾಗದಲ್ಲಿ ಸಾಲಾಗಿ ಕೋಣೆಗಳು. ಆ ಕೋಣೆಗಳು ಮನೆಯ ವಿವಾಹಿತ ಹೆಣ್ಣುಮಕ್ಕಳಿಗೆ ಸೇರಿದವು. ಅಜ್ಜಿ, ಅವಳ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು ಎಂದು ಮೂರು ತಲೆಮಾರು ಒಂದೇ ಸೂರಿನಡಿ ಬಾಳುತ್ತಿದ್ದರು. ಗಂಡನು ಸಂಜೆ ಹೆಂಡತಿಯ ಮನೆಗೆ ಬರುತ್ತಾನೆ, ಬೆಳಗ್ಗೆ ತನ್ನ ತಾಯಿಯ ಮನೆಯ ಕೆಲಸಕ್ಕೆ ಹೋಗುತ್ತಾನೆ. ಆ ಮನೆಯಲ್ಲಿ ಅವನು ಗೌರವದ ಅತಿಥಿ, ಅಷ್ಟೆ. ಸುಟ್ಟ ಮರದ ಬುಡದ ಮೇಲಿನ ಬೂದಿಗೆ ಅಳಿಯನನ್ನು ಹೋಲಿಸುವ ಗಾದೆಯೊಂದು ಅವರಲ್ಲಿದೆ. ಒಂದು ಗಾಳಿ ಬೀಸಿದರೆ ಹಾರಿಹೋಗುವ ಸ್ಥಾನ ಅವನದು.

ಗಂಡುಮಕ್ಕಳಿಗೆ ಆ ಮನೆಯಲ್ಲಿ ಕೋಣೆಯಿಲ್ಲ. ಏಳೆಂಟು ವರ್ಷ ತುಂಬುತ್ತಲೇ ಹುಡುಗರು ರಾತ್ರಿ ಮಲಗಲು ‘ಸುರಾವ್’ಗೆ ಹೋಗಬೇಕು. ಸುರಾವ್ ಎಂದರೆ ಊರಿನ ಪ್ರಾರ್ಥನಾ ಮಂದಿರವೂ ಹೌದು, ಮದ್ರಸವೂ ಹೌದು, ಗಂಡಸರ ವಸತಿಯೂ ಹೌದು. ಕುರ್‌ಆನ್ ಓದು, ಕುಸ್ತಿಯಂತಹ ‘ಸಿಲತ್’ ಕಲೆ, ಹಿರಿಯರ ಮಾತುಕತೆ ಎಲ್ಲವನ್ನೂ ಅವರು ಅಲ್ಲಿಯೇ ಕಲಿಯುತ್ತಿದ್ದರು. ಪತ್ನಿ ತೀರಿಕೊಂಡ ಮುದುಕನೂ ಕೊನೆಗೆ ಅಲ್ಲಿಗೇ ಬರುತ್ತಿದ್ದ. ಸ್ವಂತದ್ದೆನ್ನುವ ಮನೆಯಿಲ್ಲದ ಈ ಯುವಕರು ದೂರದ ಊರುಗಳಿಗೆ ಹೋಗಿ ದುಡಿಯುವುದನ್ನು ‘ಮರಾಂತಾವ್’ ಎನ್ನುತ್ತಾರೆ. ಮಲೇಷ್ಯಾದ ನೆಗೆರಿ ಸೆಂಬಿಲಾನ್ ರಾಜ್ಯದಲ್ಲಿ ನೆಲೆಸಿದವರು ಈ ರೀತಿ ಹೊರಟವರ ಸಂತತಿ. ಇಂಡೋನೇಷ್ಯಾದ ಯಾವ ಪಟ್ಟಣಕ್ಕೆ ಹೋದರೂ ಕಾಣಸಿಗುವ ಪಡಾಂಗ್ ಊಟದ ಹೋಟೆಲುಗಳ ಮೂಲವೂ ಇವರೇ. ಆ ದೇಶದ ಪ್ರಥಮ ಉಪರಾಷ್ಟ್ರಪತಿ ಮುಹಮ್ಮದ್ ಹತ್ತಾ 1902ರಲ್ಲಿ ಬುಕಿತ್‌ತಿಂಗಿಯಲ್ಲಿ ಹುಟ್ಟಿದ ಮಿನಂಗ್‌ಕಬಾವು. ಇವರ ಹೆಣ್ಣುಮಕ್ಕಳೂ ಹಿಂದುಳಿಯಲಿಲ್ಲ. ರಹ್ಮಾ ಅಲ್ ಯೂನುಸಿಯಾ ಎಂಬ ಮಹಿಳೆ 1923ರಲ್ಲಿ ಪಡಾಂಗ್ ಪಂಜಾಂಗ್‌ನಲ್ಲಿ ಹೆಣ್ಣುಮಕ್ಕಳ ಧಾರ್ಮಿಕ ಶಾಲೆಯೊಂದನ್ನು ಸ್ಥಾಪಿಸಿದರು. 1957ರಲ್ಲಿ ಈಜಿಪ್ಟಿನ ಅಲ್ ಅಝ್‌ಹರ್ ಅವರಿಗೆ ‘ಶೈಖಾ’ ಎಂಬ ಬಿರುದು ನೀಡಿ ಗೌರವಿಸಿತು.

ಪಾಶ್ಚಾತ್ಯ ಬರಹಗಾರರು ಕೆಲವೊಮ್ಮೆ ಇದನ್ನು ಸ್ತ್ರೀಯರ ರಾಜ್ಯವೆಂದು ಬಣ್ಣಿಸುವುದುಂಟು. ಅದು ಅತಿಶಯೋಕ್ತಿ. ಭೂಮಿ ಹೆಣ್ಣಿನ ಹೆಸರಲ್ಲಿದ್ದರೂ ಅದರ ಮೇಲ್ವಿಚಾರಣೆ ಅವಳ ಸಹೋದರನದು. ಅವನನ್ನು ‘ಮಾಮಕ್’ ಎನ್ನುತ್ತಾರೆ. (ಹೆಸರು ಕೇಳಿದರೆ ನಮಗೆ ನಮ್ಮ ಮಾಮನ ನೆನಪಾಗದಿರದು.) ಸೋದರಳಿಯಂದಿರ ಶಿಕ್ಷಣ, ಸೋದರ ಸೊಸೆಯಂದಿರ ವಿವಾಹ, ಕುಟುಂಬದ ಜಗಳಗಳ ತೀರ್ಮಾನ ಎಲ್ಲವೂ ಮಾಮಕನ ಹೊಣೆ. ಅಂದರೆ ಒಬ್ಬ ಗಂಡಸು ತಾನು ಹೆತ್ತ ಮಕ್ಕಳಿಗಿಂತ ಹೆಚ್ಚಾಗಿ ತನ್ನ ಸಹೋದರಿಯ ಮಕ್ಕಳಿಗೆ ಉತ್ತರ ಹೇಳಬೇಕಾಗಿತ್ತು.

ಪೂರ್ವಜರಿಂದ ಬಂದ ಆಸ್ತಿಗೆ ‘ಹರ್ತಾ ಪುಸಾಕಾ ತಿಂಗಿ’ ಎಂದು ಹೆಸರು. ಅದನ್ನು ಮಾರುವಂತಿಲ್ಲ. ಅಡವು ಇಡಬಹುದು, ಅದೂ ನಾಲ್ಕು ಸಂದರ್ಭಗಳಲ್ಲಿ ಮಾತ್ರ: ಮನೆಯಲ್ಲಿ ಹೆಣವಿದ್ದು ಅಂತ್ಯ ಸಂಸ್ಕಾರಕ್ಕೆ ಹಣವಿಲ್ಲದಾಗ, ಪ್ರಾಯಕ್ಕೆ ಬಂದ ಹುಡುಗಿಗೆ ವಿವಾಹವಾಗದೆ ಉಳಿದಾಗ, ದೊಡ್ಡ ಮನೆಯ ಮಾಡು ಸೋರುವಾಗ, ಕುಲದ ಮುಖ್ಯಸ್ಥನ ಸ್ಥಾನ ಖಾಲಿಬಿದ್ದು ಅದನ್ನು ಪುನಃ ತುಂಬಬೇಕಾದಾಗ. ಈ ನಾಲ್ಕನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಇವುಗಳಲ್ಲಿ ವ್ಯಾಪಾರವಿಲ್ಲ, ಸಾಲ ತೀರಿಸುವುದಿಲ್ಲ, ಒಬ್ಬನ ಏಳಿಗೆಯಿಲ್ಲ. ಎಲ್ಲರಿಗೂ ಸೇರಿದ ಅಗತ್ಯ ಅಥವಾ ಮನೆಯಲ್ಲಿ ಅತ್ಯಂತ ನಿಸ್ಸಹಾಯಕರಾದವರ ಅಗತ್ಯ, ಇಷ್ಟೇ ಇವೆ. ಇಂತಹ ಕುಟುಂಬದಲ್ಲಿ ವಿಧವೆ ಬೀದಿಗೆ ಬೀಳಲಾರಳು. ತಲಾಕ್ ಪಡೆದವಳು ಯಾರ ಮನೆಗೆ ಹೋಗಲಿ ಎಂದು ಅಳಬೇಕಾಗಿಲ್ಲ, ಏಕೆಂದರೆ ಅವಳು ಮನೆ ಬಿಟ್ಟು ಹೋಗಿಯೇ ಇರಲಿಲ್ಲ. ಯತೀಮ ಮಗುವಿಗೆ ತಂದೆಯಿಲ್ಲದಿದ್ದರೂ ಮಾಮಕನಿದ್ದಾನೆ. ಕುಟುಂಬ ಸಂಬಂಧವನ್ನು ಜೋಡಿಸಿಡಬೇಕೆಂಬ ಇಸ್ಲಾಮಿನ ಆದೇಶವನ್ನು ಓದಿದವನಿಗೆ ಈ ವ್ಯವಸ್ಥೆಯನ್ನು ತಿರಸ್ಕರಿಸಲು ಮನಸ್ಸು ಬರುವುದಿಲ್ಲ.

ಆದರೆ ಇದೇ ವ್ಯವಸ್ಥೆಯಲ್ಲಿ ಒಬ್ಬ ತಂದೆ ಮರಣ ಹೊಂದಿದರೆ, ಅವನು ಬೆವರು ಸುರಿಸಿ ಸಂಪಾದಿಸಿದ್ದು ಕೂಡಾ ಹಿಂದಿನ ಕಾಲದಲ್ಲಿ ಅವನ ಮಕ್ಕಳಿಗೆ ಹೋಗುತ್ತಿರಲಿಲ್ಲ. ಅವನ ಸಹೋದರಿಯ ಮಕ್ಕಳಿಗೆ ಹೋಗುತ್ತಿತ್ತು. ಪತ್ನಿಗೆ ಎಂಟನೇ ಒಂದು ಪಾಲು ಎಂದು ಅಲ್ಲಾಹನು ಹೇಳಿದ್ದಾನೆ, ಆದತ್ (ಅಂದರೆ ಅಲ್ಲಿನ ಸಂಪ್ರದಾಯ) ಏನೂ ಇಲ್ಲವೆಂದಿತು. ಮಗಳ ಪಾಲು, ಮಗನ ಪಾಲು ಎಲ್ಲವೂ ಹೀಗೆಯೇ. ತನ್ನ ಮಕ್ಕಳಿಗೆ ಏನಾದರೂ ಕೊಡಬೇಕೆಂದು ಬಯಸಿದ ತಂದೆ ಜೀವಂತವಿರುವಾಗಲೇ ‘ಹಿಬಾ’ ಎಂದು ದಾನಪತ್ರ ಬರೆದುಕೊಡಬೇಕಾಗಿತ್ತು. ಅದಕ್ಕೂ ಅವನ ಸೋದರಳಿಯಂದಿರು ತಕರಾರು ತೆಗೆಯುತ್ತಿದ್ದರು.

ಮೊದಲ ಘರ್ಷಣೆ ರಕ್ತಪಾತದಿಂದ ಕೂಡಿತ್ತು. 1803ರಲ್ಲಿ ಮೂವರು ಹಾಜಿಗಳು ಮಕ್ಕಾದಿಂದ ಹಿಂತಿರುಗಿ ಸುಧಾರಣೆಯ ಕರೆ ನೀಡಿದರು. ಜೂಜು, ಕೋಳಿ ಅಂಕ, ಮದ್ಯ, ಅಫೀಮುಗಳ ವಿರುದ್ಧ ಎದ್ದ ಆ ಚಳವಳಿಯನ್ನು ಚರಿತ್ರೆಯು ‘ಪದ್ರಿ’ ಚಳವಳಿಯೆಂದು ಕರೆಯುತ್ತದೆ. ಅದು ಬೇಗನೇ ಸ್ವಂತ ಜನರ ಮೇಲಿನ ಯುದ್ಧವಾಯಿತು. ಹಳ್ಳಿಗಳು ಸುಡಲ್ಪಟ್ಟವು, ಅರಸು ಮನೆತನದವರು ಹತರಾದರು. ಅದರ ನಾಯಕರಲ್ಲೊಬ್ಬನಾದ ತುವಾಂಕು ನಾನ್ ರೆಂಚೆ ಎಂಬಾತ, ಹೊಗೆಸೊಪ್ಪು ಜಗಿಯುವುದನ್ನು ಬಿಡಲೊಪ್ಪದ ತನ್ನ ತಾಯಿಯ ಸಹೋದರಿಯನ್ನೇ ಕೊಲ್ಲಿಸಿದನೆಂಬ ಕಥನ ಉಳಿದುಬಂದಿದೆ. ಹ. ಹಂಝಾ(ರ)ರ ಅನಾಥ ಮಗಳನ್ನು ಯಾರು ಸಾಕಬೇಕೆಂಬ ವಿವಾದ ಬಂದಾಗ ಪ್ರವಾದಿವರ್ಯರು(ಸ) ಅವಳನ್ನು ಅವಳ ಚಿಕ್ಕಮ್ಮನ ಮನೆಗೆ ಕೊಟ್ಟು, ತಾಯಿಯ ಸಹೋದರಿಗೆ ತಾಯಿಯ ಸ್ಥಾನವೇ ಇದೆಯೆಂದು ತೀರ್ಪಿತ್ತಿದ್ದರು. ಈ ಹದೀಸನ್ನು ಬಲ್ಲವರ ಕಣ್ಣಿಗೆ ಆ ಕೃತ್ಯವು ಧರ್ಮದ ಹೆಸರಲ್ಲಿ ಧರ್ಮದ ಮೂಲಕ್ಕೇ ಕೊಡಲಿಯಿಟ್ಟಂತೆ ಕಾಣದಿರುವುದೇ?

1821ರಿಂದ ಡಚ್ಚರು ಈ ಯುದ್ಧದಲ್ಲಿ ಕೈಯಾಡಿಸಿದರು. ಇನ್ನೊಬ್ಬ ಪದ್ರಿ ನಾಯಕರಾದ ತುವಾಂಕು ಇಮಾಮ್ ಬೊಂಜೋಲ್ ತಮ್ಮವರನ್ನು ಮಕ್ಕಾಕ್ಕೆ ಕಳುಹಿಸಿ ಶರೀಅತ್‌ನ ವಿಧಿಯನ್ನು ವಿಚಾರಿಸಿ ತರಿಸಿಕೊಂಡರು. ಬಂದ ಉತ್ತರವನ್ನು ಕೇಳಿದ ಮೇಲೆ ಅವರು ತಮ್ಮ ಕಡೆಯವರು ದೋಚಿದ್ದ ಸೊತ್ತುಗಳನ್ನು ಹಿಂದಿರುಗಿಸಿದರು, ಕುಲದ ಮುಖ್ಯಸ್ಥರೊಡನೆ ರಾಜಿ ಮಾಡಿಕೊಂಡರು. ಅವರ ಆತ್ಮಕಥನದ ಹಸ್ತಪ್ರತಿಯಿಂದ ಇದು ತಿಳಿದುಬರುತ್ತದೆ. ಆ ಬಳಿಕ ಆದತ್‌ನ ಪಕ್ಷದವರೂ ಧರ್ಮದ ಪಕ್ಷದವರೂ ಒಂದಾಗಿ ಡಚ್ಚರೊಂದಿಗೆ ಹೋರಾಡಿದರು. 1837ರಲ್ಲಿ ಬೊಂಜೋಲ್ ಕೋಟೆ ಬಿತ್ತು. ಇಮಾಮರು ಸೆರೆಯಾಗಿ ಗಡೀಪಾರುಗೊಂಡು 1864ರಲ್ಲಿ ದೂರದ ಮನಾಡೋ ಬಳಿ ನಿಧನರಾದರು. ಸಂಪ್ರದಾಯವು ಶರೀಅತ್‌ನ ಮೇಲೆ ನಿಂತಿದೆ, ಶರೀಅತ್ ದೇವಗ್ರಂಥದ ಮೇಲೆ ನಿಂತಿದೆ ಎಂಬರ್ಥದ ಸೂತ್ರವೊಂದನ್ನು ಮಿನಂಗ್‌ಕಬಾವು ಜನರು ಇಂದಿಗೂ ತಮ್ಮ ಗುರುತಾಗಿ ಹೇಳಿಕೊಳ್ಳುತ್ತಾರೆ. ಆದರೆ ಸೂತ್ರ ಹೇಳಿದ ಮಾತ್ರಕ್ಕೆ ಗದ್ದೆ ಯಾರದೆಂದು ತೀರ್ಮಾನವಾಗುವುದಿಲ್ಲವಲ್ಲ!

ಆ ತೀರ್ಮಾನವನ್ನು ಖಡಾಖಂಡಿತವಾಗಿ ಹೇಳಿದವರು ಶೈಖ್ ಅಹ್ಮದ್ ಖತೀಬ್ ಅಲ್ ಮಿನಂಗ್‌ಕಬಾವಿ. 1860ರ ಸುಮಾರಿಗೆ ಆಗಮ್ ಪ್ರದೇಶದಲ್ಲಿ ಹುಟ್ಟಿದ ಇವರು ಮಕ್ಕಾದಲ್ಲಿ ಕಲಿತು ಮಸ್ಜಿದುಲ್ ಹರಾಮ್‌ನಲ್ಲಿ ಶಾಫಿಈ ಮದ್‌ಹಬಿನ ಇಮಾಮರಾಗಿ, ಖತೀಬರಾಗಿ ನೇಮಕಗೊಂಡರು. 1916ರಲ್ಲಿ ಅಲ್ಲಿಯೇ ನಿಧನರಾದರು. ಇಂಡೋನೇಷ್ಯಾದ ಎರಡು ಬೃಹತ್ ಸಂಘಟನೆಗಳಾದ ಮುಹಮ್ಮದಿಯಾ ಮತ್ತು ನಹ್ದತುಲ್ ಉಲಮಾಗಳ ಸ್ಥಾಪಕರಿಬ್ಬರೂ ಅವರ ಶಿಷ್ಯರು. ವಾರೀಸುದಾರರ ಪಾಲನ್ನು ತಡೆದು ಸೋದರಳಿಯಂದಿರಿಗೆ ಕೊಡುವುದು ‘ಗಸ್ಬ್’, ಅಂದರೆ ಪರರ ಸೊತ್ತನ್ನು ಕಸಿಯುವುದು ಎಂದು ಅವರು ಬರೆದರು. ಅದನ್ನು ಸಮರ್ಥಿಸುವವರ ಮೇಲೂ ಕಠಿಣವಾದ ಮಾತುಗಳನ್ನಾಡಿದರು.

ಅವರು ಆಧರಿಸಿದ ಶಾಫಿಈ ಫಿಕ್‌ಹ್ ನಮಗೆ ಅಪರಿಚಿತವಾದುದಲ್ಲ. ಮಲಬಾರಿನ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್(ರ) ರಚಿಸಿದ ‘ಫತ್‌ಹುಲ್ ಮುಈನ್’ ನಮ್ಮ ಕರಾವಳಿಯ ದರ್ಸ್‌ಗಳಲ್ಲಿ ಓದಿಸಲ್ಪಡುವಂತೆ ಜಾವಾ, ಸುಮಾತ್ರಾಗಳ ಮದ್ರಸಗಳಲ್ಲಿಯೂ ಓದಿಸಲ್ಪಡುತ್ತದೆ. ಅದರ ಫರಾಇದ್ ಅಧ್ಯಾಯದ ಲೆಕ್ಕಗಳನ್ನು ಮಾಡಿದ ವಿದ್ಯಾರ್ಥಿ ಮಂಗಳೂರಿನವನಾದರೂ ಬುಕಿತ್‌ತಿಂಗಿಯವನಾದರೂ ಒಂದೇ ಉತ್ತರಕ್ಕೆ ಬರುತ್ತಾನೆ. ಆ ಲೆಕ್ಕದಲ್ಲಿ ದೊಡ್ಡ ಮನೆಗೆ ಜಾಗವಿಲ್ಲ.

ಶೈಖ್ ಅಹ್ಮದ್ ಖತೀಬರ ಇನ್ನೊಬ್ಬ ಶಿಷ್ಯರಾದ ಹಾಜಿ ರಸೂಲ್ (ಶೈಖ್ ಅಬ್ದುಲ್ ಕರೀಮ್ ಅಮ್ರುಲ್ಲಾ, 1879-1945) ಊರಿಗೆ ಮರಳಿ ಜನರ ನಡುವೆ ಬಾಳಿದವರು. ಸಂಪ್ರದಾಯಗಳ ವಿಷಯದಲ್ಲಿ ಅವರೂ ಕಠೋರರೇ. ಆದರೆ ಪೂರ್ವಜರ ಆಸ್ತಿಯ ಕುರಿತು ಅವರ ಅಭಿಪ್ರಾಯ ಬೇರೆಯಾಗಿತ್ತು. ಹ. ಉಮರ್(ರ)ರಿಗೆ ಖೈಬರ್‌ನಲ್ಲಿ ಒಂದು ಉತ್ತಮ ಭೂಮಿ ದೊರೆತಾಗ ಅವರು ಪ್ರವಾದಿವರ್ಯರ(ಸ) ಸಲಹೆ ಕೇಳಿದರು. ಮೂಲವನ್ನು ಉಳಿಸಿಕೊಂಡು ಫಲವನ್ನು ದಾನ ಮಾಡುವಂತೆ ಅವರಿಗೆ ಸೂಚಿಸಲಾಯಿತು. ಆ ಭೂಮಿಯನ್ನು ಮಾರಲಾಗದು, ದಾನ ಕೊಡಲಾಗದು, ವಾರೀಸು ಹಕ್ಕಿನಲ್ಲಿ ಹಂಚಲಾಗದು. ಅದರ ಉತ್ಪನ್ನ ಬಡವರಿಗೆ, ಸಂಬಂಧಿಕರಿಗೆ, ಅತಿಥಿಗಳಿಗೆ, ಪ್ರಯಾಣಿಕರಿಗೆ. ಮಿನಂಗ್‌ಕಬಾವಿನ ಪೂರ್ವಜರ ಗದ್ದೆಯೂ ಇಂತಹ ವಕ್ಫ್‌ನಂತೆಯೇ, ಅದು ಯಾವ ವ್ಯಕ್ತಿಯ ಸೊತ್ತೂ ಅಲ್ಲ, ಆದುದರಿಂದ ಯಾರ ಮರಣದಿಂದಲೂ ಅದು ಪಾಲಾಗುವುದಿಲ್ಲ ಎಂಬುದು ಹಾಜಿ ರಸೂಲರ ನಿಲುವು. ಅವರ ಪುತ್ರರೇ ಪ್ರಸಿದ್ಧ ‘ತಫ್ಸೀರ್ ಅಲ್ ಅಝ್‌ಹರ್’ನ ಕರ್ತೃ ಹಮ್‌ಕಾ (1908-1981). ಹಮ್‌ಕಾ ತಮ್ಮ ಕಾದಂಬರಿಯೊಂದರಲ್ಲಿ, ತಂದೆ ಮಿನಂಗ್‌ಕಬಾವು ಆಗಿದ್ದರೂ ತಾಯಿ ಹೊರಗಿನವಳಾದ ಕಾರಣಕ್ಕೆ ಕುಲವಿಲ್ಲದವನೆನಿಸಿ ತಾನು ಬಯಸಿದ ಹುಡುಗಿಯ ವಿವಾಹದಿಂದ ವಂಚಿತನಾಗುವ ಯುವಕನೊಬ್ಬನ ದುಃಖವನ್ನು ಚಿತ್ರಿಸಿದರು. ಬೆಚ್ಚಗಿನ ದೊಡ್ಡ ಮನೆಯ ಬಾಗಿಲು ಕೆಲವರಿಗೆ ಎಂದೂ ತೆರೆಯುವುದಿಲ್ಲ ಎಂಬುದನ್ನು ಅವರಷ್ಟು ಚೆನ್ನಾಗಿ ಒಳಗಿನವರಾರೂ ಹೇಳಿರಲಿಕ್ಕಿಲ್ಲ.

ಕೊನೆಗೆ 1952ರಲ್ಲಿ ಬುಕಿತ್‌ತಿಂಗಿಯಲ್ಲಿ ಉಲಮಾಗಳು, ಕುಲದ ಮುಖ್ಯಸ್ಥರು ಮತ್ತು ವಿದ್ಯಾವಂತರು ಒಟ್ಟು ಸೇರಿ ಒಂದು ಒಪ್ಪಂದಕ್ಕೆ ಬಂದರು. ಪೂರ್ವಜರ ಆಸ್ತಿ ಆದತ್‌ನ ಪ್ರಕಾರ ಹೋಗಲಿ. ಒಬ್ಬ ವ್ಯಕ್ತಿ ಸ್ವತಃ ಸಂಪಾದಿಸಿದ್ದು ಶರೀಅತ್‌ನ ಪ್ರಕಾರ ಅವನ ವಾರೀಸುದಾರರಿಗೆ ಹೋಗಲಿ. 1968ರಲ್ಲಿ ಪಡಾಂಗ್‌ನಲ್ಲಿ ನಡೆದ ವಿಚಾರಗೋಷ್ಠಿಯೂ ಇದನ್ನೇ ಎತ್ತಿಹಿಡಿಯಿತು. ಈಗ ಅಲ್ಲಿಯ ಬಹುತೇಕ ಜನರು ತಂದೆ, ತಾಯಿ, ಮಕ್ಕಳಿರುವ ಸಣ್ಣ ಮನೆಗಳಲ್ಲಿಯೇ ಬಾಳುತ್ತಾರೆ. ಎಷ್ಟೋ ದೊಡ್ಡ ಮನೆಗಳು ಖಾಲಿ ಬಿದ್ದಿವೆ. ಆದರೂ ಪುಸಾಕಾ ಗದ್ದೆಯ ವಿಷಯ ಬಂದರೆ ಮಾಮಕನನ್ನು ಕೇಳದೆ ಏನೂ ನಡೆಯುವುದಿಲ್ಲ.

ಈ ಒಪ್ಪಂದ ಸರಿಯೇ? ಫಿಕ್‌ಹ್‌ನ ದೃಷ್ಟಿಯಿಂದ ನೋಡುವುದಾದರೆ ಹಾಜಿ ರಸೂಲರ ಮಾತಿನಲ್ಲಿ ಹುರುಳಿದೆ. ಮೃತನು ಬಿಟ್ಟುಹೋದ ಸ್ವಂತ ಸೊತ್ತನ್ನು ಮಾತ್ರ ಹಂಚಬೇಕು. ಅವನಿಗೆ ಸೇರದೇ ಇದ್ದುದನ್ನು ಹಂಚುವುದು ಹೇಗೆ? ಮಾರಲು ಹಕ್ಕಿಲ್ಲದ, ದಾನ ಮಾಡಲು ಹಕ್ಕಿಲ್ಲದ ಭೂಮಿಯನ್ನು ಅವನ ಸೊತ್ತೆಂದು ಕರೆಯಲಾಗದು. ಆದರೆ ಇಲ್ಲೊಂದು ಬಿರುಕಿದೆ. ವಕ್ಫ್ ಆಗಬೇಕಾದರೆ ಒಬ್ಬ ಮಾಲಕ ತಿಳಿದೂ ತಿಳಿದೂ ಅದನ್ನು ಅಲ್ಲಾಹನಿಗಾಗಿ ಬಿಟ್ಟುಕೊಟ್ಟಿರಬೇಕು. ಮಿನಂಗ್‌ಕಬಾವಿನಲ್ಲಾದರೋ ಇಂದು ಸ್ವಯಾರ್ಜಿತವಾಗಿರುವುದು ಎರಡು ಮೂರು ತಲೆಮಾರು ಪಾಲಾಗದೆ ಉಳಿದರೆ ತಾನಾಗಿಯೇ ಪೂರ್ವಜರ ಆಸ್ತಿಯಾಗಿಬಿಡುತ್ತದೆ. ಹಾಗೆ ಆಗುವಾಗಲೆಲ್ಲಾ ಯಾರೋ ಒಬ್ಬ ವಿಧವೆಯ ಎಂಟನೇ ಒಂದು, ಯಾರೋ ಒಬ್ಬ ಮಗನ ಪಾಲು ಸದ್ದಿಲ್ಲದೆ ಕರಗಿರುತ್ತದೆ. ಯಾರೂ ಕದಿಯಲಿಲ್ಲ, ಕಾಲವೇ ನುಂಗಿತು ಎನ್ನಬಹುದು. ನಾಳೆ ಅಲ್ಲಾಹನ ಮುಂದೆ ಕಾಲವನ್ನು ಸಾಕ್ಷಿಕಟ್ಟೆಗೆ ಕರೆಯಲಾಗುವುದೇ? ಈ ವಿಷಯದಲ್ಲಿ ಶೈಖ್ ಅಹ್ಮದ್ ಖತೀಬರ ಮಾತಿಗೆ ಉತ್ತರವಿಲ್ಲವೆಂದೇ ನನಗನ್ನಿಸುತ್ತದೆ.

ಸಅದ್ ಬಿನ್ ರಬೀಅ್(ರ) ಉಹುದ್ ಯುದ್ಧದಲ್ಲಿ ಹುತಾತ್ಮರಾದಾಗ ಅವರ ಸಹೋದರನು ಸೊತ್ತನ್ನೆಲ್ಲಾ ವಶಪಡಿಸಿಕೊಂಡಿದ್ದ. ಅವನು ಅಂದಿನ ಅರಬರ ಸಂಪ್ರದಾಯದ ಪ್ರಕಾರವೇ ನಡೆದುಕೊಂಡಿದ್ದ. ಸಅದ್‌ರ ಪತ್ನಿ ತನ್ನಿಬ್ಬರು ಹೆಣ್ಣುಮಕ್ಕಳನ್ನು ಕೈಹಿಡಿದು ಪ್ರವಾದಿವರ್ಯರ(ಸ) ಬಳಿ ಬಂದು ದೂರಿದರು. ಸೊತ್ತಿಲ್ಲದೆ ಈ ಮಕ್ಕಳ ವಿವಾಹವಾಗುವುದಾದರೂ ಹೇಗೆ ಎಂಬುದು ಅವರ ಚಿಂತೆಯಾಗಿತ್ತು. ವಾರೀಸು ಹಕ್ಕಿನ ಸೂಕ್ತ ಅವತೀರ್ಣವಾಯಿತು. ಹೆಣ್ಣುಮಕ್ಕಳಿಗೆ ಮೂರನೇ ಎರಡು, ತಾಯಿಗೆ ಎಂಟನೇ ಒಂದು, ಉಳಿದುದು ನಿನಗೆ ಎಂದು ಆ ಸಹೋದರನಿಗೆ ತಿಳಿಸಲಾಯಿತು. ಪಾಲಿನ ಲೆಕ್ಕ ಒಣ ಗಣಿತವೆಂದು ಭಾವಿಸುವವರು ಈ ಇಬ್ಬರು ಹುಡುಗಿಯರ ಮುಖವನ್ನು ಮನಸ್ಸಿಗೆ ತಂದುಕೊಳ್ಳಲಿ.

ಮಾತೃಮೂಲ ಪದ್ಧತಿಯ ಈ ಸಮಸ್ಯೆ ನಮ್ಮ ಮನೆಬಾಗಿಲಲ್ಲಿಯೂ ಇತ್ತು. ತುಳುನಾಡಿನ ಅಳಿಯಸಂತಾನದ ಕುರಿತು ಇಲ್ಲಿ ವಿವರಿಸಬೇಕಾಗಿಲ್ಲ. 1956ರ ತನಕ ದಕ್ಷಿಣ ಕನ್ನಡದ ಭಾಗವೇ ಆಗಿದ್ದ ಕಾಸರಗೋಡಿನಲ್ಲಿಯೂ ಕಣ್ಣೂರಿನ ಕಡೆಯೂ ಮಾಪಿಳ್ಳಾ ಮುಸ್ಲಿಮರ ತರವಾಡು ಮನೆಗಳು ಮರುಮಕ್ಕತ್ತಾಯದಂತೆ ನಡೆಯುತ್ತಿದ್ದವು. ಅದೇ ವರ್ಷದವರೆಗೆ ಮಂಗಳೂರಿನಿಂದ ಆಡಳಿತ ನಡೆಯುತ್ತಿದ್ದ ಅಮೀನಿ ದ್ವೀಪ ಸಮೂಹವೂ ಸೇರಿದಂತೆ ಲಕ್ಷದ್ವೀಪದ ಮುಸ್ಲಿಮರು ಸೊತ್ತನ್ನು ಶುಕ್ರವಾರದ್ದು, ಸೋಮವಾರದ್ದು ಎಂದು ಎರಡಾಗಿ ವಿಂಗಡಿಸುತ್ತಾರೆ. ಶುಕ್ರವಾರದ್ದು ತರವಾಡಿನದು, ತಾಯಿಯ ಸಾಲಿನಲ್ಲಿ ಸಾಗುವಂತಹದು. ಸೋಮವಾರದ್ದು ಸ್ವಂತ ದುಡಿಮೆಯದು, ಶರೀಅತ್‌ನಂತೆ ಹಂಚತಕ್ಕದ್ದು. ಸಾವಿರಾರು ಮೈಲು ದೂರದ ಬುಕಿತ್‌ತಿಂಗಿಯ ಒಪ್ಪಂದವೂ ಇದೇ ಅಲ್ಲವೇ? ಮಾಪಿಳ್ಳಾಗಳ ವಿಷಯದಲ್ಲಿ ಅದೇ ವಿಂಗಡಣೆಯನ್ನು 1918ರ ಮದ್ರಾಸ್ ಕಾಯ್ದೆಯೊಂದು ಕಾನೂನಾಗಿಸಿ ಸ್ವಯಾರ್ಜಿತ ಸೊತ್ತನ್ನು ಇಸ್ಲಾಮೀ ವಾರೀಸು ನಿಯಮಕ್ಕೆ ಒಪ್ಪಿಸಿತು. 1939ರ ಕಾಯ್ದೆ ತರವಾಡಿನ ಆಸ್ತಿಯನ್ನೂ ಪಾಲು ಮಾಡಿಕೊಳ್ಳಲು ದಾರಿ ತೆರೆಯಿತು. ದೊಡ್ಡ ಮನೆಗಳು ಒಂದೊಂದಾಗಿ ಒಡೆದವು.

ಹೀಗೆ ಒಡೆದ ಮೇಲೆ ದೇವನು ನಿಶ್ಚಯಿಸಿದ ಪಾಲು ಹೆಣ್ಣುಮಕ್ಕಳ ಕೈಸೇರಿತೇ ಎಂದು ಕೇಳಿಕೊಳ್ಳುವ ಧೈರ್ಯ ನಮಗಿರಬೇಕು. ಮಾತೃಮೂಲವೆಂಬುದೇ ಇರದಿದ್ದ ಒಳನಾಡಿನ ಕುಟುಂಬಗಳಲ್ಲಿಯಾದರೂ ಅದು ಸೇರುತ್ತಿದೆಯೇ? ತಂದೆ ತೀರಿಕೊಂಡ ಕೆಲವು ತಿಂಗಳ ಬಳಿಕ ನಮ್ಮಲ್ಲಿ ಏನು ನಡೆಯುತ್ತದೆಂಬುದನ್ನು ಎಲ್ಲರೂ ಬಲ್ಲರು. ಅಣ್ಣಂದಿರು ಕಾಗದಪತ್ರ ಸಿದ್ಧಪಡಿಸುತ್ತಾರೆ. ಸಹೋದರಿಯರನ್ನು ಊಟಕ್ಕೆ ಕರೆಯುತ್ತಾರೆ. ನಿನ್ನ ಮದುವೆಗೆ ಖರ್ಚು ಮಾಡಲಿಲ್ಲವೇ, ಹೆರಿಗೆಗೆ ಕರೆತರಲಿಲ್ಲವೇ ಎಂಬ ಮಾತುಗಳು ಬಂದುಹೋಗುತ್ತವೆ. ಅವಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆಂಬ ಭಯ ಅವಳಿಗೆ. ಅವಳು ಮನಃಪೂರ್ವಕ ಬಿಟ್ಟುಕೊಟ್ಟಳೆಂದು ಅಣ್ಣಂದಿರು ಊರಿಗೆಲ್ಲ ಹೇಳುತ್ತಾರೆ.

ಸಂಕೋಚದಲ್ಲಿ ಸಿಲುಕಿಸಿ ಒಬ್ಬರಿಂದ ಪಡೆದ ವಸ್ತುವು ಕಸಿದುಕೊಂಡ ವಸ್ತುವಿಗೆ ಸಮಾನವೆಂದು ಇಮಾಮ್ ಗಝಾಲಿ(ರ)ಯವರೂ ಅವರ ನಂತರದ ಶಾಫಿಈ ವಿದ್ವಾಂಸರೂ ಬರೆದಿದ್ದಾರೆ. ಅಂದರೆ ಇದೂ ‘ಗಸ್ಬ್’. ಶೈಖ್ ಅಹ್ಮದ್ ಖತೀಬರು ತಮ್ಮ ಊರಿನವರಿಗೆ ಹೇಳಿದ ಅದೇ ಪದ. ವ್ಯತ್ಯಾಸವಿಷ್ಟೆ: ಅಲ್ಲಿ ಪಾಲು ತಪ್ಪಿದರೂ ಹೆಣ್ಣಿಗೆ ಸೂರು ಅವಳ ಹಕ್ಕಾಗಿ ಉಳಿದಿತ್ತು, ಯಾವ ಅಣ್ಣನೂ ಅದನ್ನು ಉಪಕಾರವೆಂದು ಹೇಳುವಂತಿರಲಿಲ್ಲ. ಇಲ್ಲಿ ಅವಳು ತನ್ನ ಪಾಲನ್ನು ಬೆಲೆಯಾಗಿ ತೆತ್ತು ತವರಿಗೆ ವರ್ಷಕ್ಕೆರಡು ಬಾರಿ ಬಂದುಹೋಗುವ ಅನುಮತಿಯನ್ನು ಖರೀದಿಸುತ್ತಾಳೆ. ಆದತ್‌ನ ಹೆಸರಲ್ಲಿ ಶರೀಅತನ್ನು ಮೀರಿದರೆಂದು ಸುಮಾತ್ರಾದವರ ಕಡೆಗೆ ಬೆರಳು ತೋರಿಸುವ ನಾವು ಯಾವ ಆದತ್‌ನ ಹೆಸರಲ್ಲಿ ಇದನ್ನು ಮಾಡುತ್ತಿದ್ದೇವೆ?

ಇನ್ನು ಕೆಲವರು ಪಾಲು ಕೊಡುತ್ತಾರೆ, ನಿಜ. ಪಂಚಾಯಿತಿ ಸೇರಿಸಿ, ಅಂಗುಲ ಅಂಗುಲ ಅಳೆದು ಕೊಡುತ್ತಾರೆ. ಆ ಮೇಲೆ ಮಾತು ಬಿಡುತ್ತಾರೆ. ನಿನ್ನದು ನಿನಗೆ ಸಿಕ್ಕಿತಲ್ಲ, ಇನ್ನು ನಮಗೂ ನಿನಗೂ ಏನಿದೆ ಎಂಬ ಧೋರಣೆ. ಪಾಲು ಕೊಟ್ಟದ್ದರಿಂದ ಸಂಬಂಧದ ಸಾಲ ತೀರಿತೆಂದು ಶರೀಅತ್ ಎಲ್ಲಿ ಹೇಳಿದೆ? ಪಾಲಿನ ಸೂಕ್ತಗಳಿಗಿಂತ ಸ್ವಲ್ಪವೇ ಮೊದಲು, ಅದೇ ಅಧ್ಯಾಯದ ಎಂಟನೆಯ ಸೂಕ್ತದಲ್ಲಿ ಒಂದು ಆದೇಶವಿದೆ. ಸೊತ್ತು ಹಂಚುವಾಗ ಪಾಲಿಲ್ಲದ ಸಂಬಂಧಿಕರು, ಯತೀಮರು, ಬಡವರು ಅಲ್ಲಿ ಬಂದರೆ ಅವರಿಗೂ ಅದರಿಂದ ಏನಾದರೂ ಕೊಡಬೇಕು, ಅವರೊಡನೆ ಒಳ್ಳೆಯ ಮಾತನಾಡಬೇಕು. ಇದನ್ನು ಪಾಲಿಸಿದ ಒಂದು ಹಂಚಿಕೆಯನ್ನು ಓದುಗರು ತಮ್ಮ ಬಂಧುಬಳಗದಲ್ಲಿ ಕಂಡಿದ್ದರೆ ಅವರು ಭಾಗ್ಯವಂತರು. ಮಗನು ತಂದೆಗಿಂತ ಮೊದಲೇ ಮರಣ ಹೊಂದಿ, ಅವನ ಮಕ್ಕಳು ಅಜ್ಜನ ಸೊತ್ತಿನಲ್ಲಿ ಪಾಲಿಲ್ಲದೆ ಚಾವಡಿಯ ಮೂಲೆಯಲ್ಲಿ ಕುಳಿತು ನೋಡುತ್ತಿರುವ ದೃಶ್ಯ ನಮ್ಮಲ್ಲಿ ಎಷ್ಟು ಸಾಮಾನ್ಯ! ಅಂತಹ ಮೊಮ್ಮಕ್ಕಳಿಗೆ ಮೂರನೇ ಒಂದರೊಳಗೆ ವಸಿಯ್ಯತ್ ಬರೆದಿಡುವ ಅವಕಾಶವನ್ನೂ ಅಜ್ಜಂದಿರು ಬಳಸುವುದಿಲ್ಲ. ಮಿನಂಗ್‌ಕಬಾವಿನಲ್ಲಿ ಮಾಮಕನ ಮೇಲೆ ಆದತ್ ಹೊರಿಸಿದ ಹೊಣೆಯನ್ನು ನಮ್ಮಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಮಾಮಂದಿರ ಮೇಲೆ ಅಲ್ಲಾಹನ ಭಯವೇ ಹೊರಿಸಬೇಕಾಗಿತ್ತು.

ಹಾಗಾದರೆ ಪಾಲನ್ನು ಒಂದು ಕಾಸೂ ತಪ್ಪಿಸದೆ ದೊಡ್ಡ ಮನೆಯ ಸೂರನ್ನು ಉಳಿಸಿಕೊಳ್ಳಲು ಸಾಧ್ಯವಿಲ್ಲವೇ? ಹ. ಅಬೂ ತಲ್ಹಾ(ರ) ತಮಗೆ ಅತ್ಯಂತ ಪ್ರಿಯವಾಗಿದ್ದ ‘ಬೈರುಹಾ’ ಎಂಬ ತೋಟವನ್ನು ಅಲ್ಲಾಹನ ಮಾರ್ಗದಲ್ಲಿ ಕೊಡಲು ಮುಂದಾದಾಗ ಪ್ರವಾದಿವರ್ಯರು(ಸ) ಅದನ್ನು ಅವರ ಸಂಬಂಧಿಕರಿಗೇ ಕೊಡುವಂತೆ ಸೂಚಿಸಿದರು. ಜೀವಂತವಿರುವಾಗ, ಸ್ವಂತ ಸೊತ್ತಿನಿಂದ, ತಿಳಿದು ಮಾಡುವ ಕೆಲಸವದು. ಇದಕ್ಕಿಂತಲೂ ನಮ್ಮ ಪ್ರಶ್ನೆಗೆ ಹತ್ತಿರವಾದುದು ಇಮಾಮ್ ಬುಖಾರಿ(ರ) ತಮ್ಮ ಸಂಗ್ರಹದ ವಕ್ಫ್‌ನ ಭಾಗದಲ್ಲಿ ಉಲ್ಲೇಖಿಸಿರುವ ಹ. ಝುಬೈರ್ ಬಿನ್ ಅವ್ವಾಮ್(ರ)ರ ಕ್ರಮ. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಅವರೊಬ್ಬರು. ಅವರು ತಮ್ಮ ಮನೆಗಳನ್ನು ವಕ್ಫ್ ಮ���ಡಿ ಅದರಲ್ಲಿ ಒಂದು ಶರತ್ತು ಸೇರಿಸಿದರು. ತಮ್ಮ ಹೆಣ್ಣುಮಕ್ಕಳಲ್ಲಿ ಯಾರಾದರೂ ವಿವಾಹ ಮುರಿದು ಮರಳಿ ಬಂದರೆ ಅವಳಿಗೆ ಅಲ್ಲಿ ವಾಸಿಸುವ ಹಕ್ಕಿದೆ. ಅವಳು ಯಾರಿಗೂ ತೊಂದರೆ ಕೊಡಬಾರದು, ಅವಳಿಗೂ ಯಾರೂ ತೊಂದರೆ ಕೊಡಬಾರದು. ಪುನಃ ವಿವಾಹವಾಗಿ ಅವಳಿಗೆ ಆಸರೆ ದೊರೆತರೆ ಆ ಹಕ್ಕು ಮುಗಿಯುತ್ತದೆ.

ಹೊಸ ಮನೆ ಕಟ್ಟಿಸುವಾಗ ಅತಿಥಿಗಳಿಗೊಂದು, ಕಾರಿಗೊಂದು, ಗಂಡುಮಕ್ಕಳಿಗೆ ತಲಾ ಒಂದೊಂದು ಎಂದು ಕೋಣೆಗಳ ನಕ್ಷೆ ಬರೆಸುವ ತಂದೆಯಂದಿರು ಝುಬೈರ್(ರ)ರ ಈ ಕೋಣೆಯನ್ನೂ ನಕ್ಷೆಯಲ್ಲಿ ಸೇರಿಸಬಹುದು. ಅದನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಗಂಡುಮಕ್ಕಳಿಗೆ ಮೊದಲೇ ಓದಿ ಹೇಳಬೇಕು. ತಂದೆಯ ಕಣ್ಣು ಮುಚ್ಚಿದ ಮೇಲೆ ಆ ಕೋಣೆಯ ಬೀಗದ ಕೈಯನ್ನು ಅವಳು ಯಾರಲ್ಲಿಯೂ ಕೇಳಬೇಕಾಗಿ ಬರಬಾರದು.